ಬರೆಸುವುದು ಸುಲಭ ಮೇಡಂ, ಓದುವವರು ಯಾರು?

ಪ್ರಶ್ನೆ: ನಾನು ರಾಯಚೂರಿನಲ್ಲಿ ಕನ್ನಡ ಅಧ್ಯಾಪಕಿ. ಈ ವರ್ಷದಿಂದ ನಮ್ಮ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಎಲ್ಲರಿಗೂ ಬರವಣಿಗೆ ಅಂತ ಒಂದು ಕೋರ್ಸು ಶುರುವಾಗಿದೆ. ಅದನ್ನು ನಡೆಸುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. 480 ವಿದ್ಯಾರ್ಥಿಗಳು, 8 ಸೆಕ್ಷನ್ನು. ಪಾಠ ಮಾಡುವವರು ನಾನೂ ಸೇರಿ 8 ಮಂದಿ, ಅದರಲ್ಲಿ 6 ಜನ ಅತಿಥಿ ಉಪನ್ಯಾಸಕರು. ಯಾವ ಪುಸ್ತಕ ಇಡಬೇಕು? ಸಿಲೆಬಸ್ ಹೇಗಿರಬೇಕು? ಮಕ್ಕಳ ಕನ್ನಡವೇ ಸರಿ ಇಲ್ಲ, ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಪುಸ್ತಕದ ಮಾತು ಕೊನೆಗೆ ಇಟ್ಟುಕೊಳ್ಳೋಣ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು 480 ಅನ್ನುವ ಸಂಖ್ಯೆ. ಸೆಕ್ಷನ್ನಿಗೆ 60 ಜನ ಆಯಿತು. ಒಬ್ಬೊಬ್ಬರು ಎರಡು ಪುಟ ಬರೆದರು ಅಂದುಕೊಳ್ಳಿ. ಅದನ್ನು ಓದಿ, ಅಂಚಿನಲ್ಲಿ ಎರಡು ಮಾತು ಬರೆಯಲು ಹತ್ತು ನಿಮಿಷವಾದರೂ ಬೇಕು. 60 ಜನರಿಗೆ 600 ನಿಮಿಷ, ಅಂದರೆ ಹತ್ತು ತಾಸು. ಇದು ಒಂದು ಸಲ ಬರೆಸಿದ್ದಕ್ಕೆ. ತಿದ್ದಿ ಮತ್ತೆ ಬರೆಸಿದರೆ ಇನ್ನೂ ಹತ್ತು ತಾಸು. ಸೆಮಿಸ್ಟರಿಗೆ ಮೂರು ಬರಹ, ಎರಡೆರಡು ಸಲ ಅಂದರೆ 60 ತಾಸು, ಅದೂ ಮನೆಯಲ್ಲಿ ಕೂತು, ಯಾರ ಲೆಕ್ಕಕ್ಕೂ ಬರದ ತಾಸುಗಳು. ಯಾರು ಮಾಡುತ್ತಾರೆ? ರೈಟ್ ಮಾರ್ಕ್ ಹಾಕಿ, ‘ನೋಡಲಾಗಿದೆ’ ಅಂತ ಬರೆದು, ಸಹಿ ಹಾಕಿ ಕಳಿಸುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ಲೆಕ್ಕವೇ ಹಾಗಿದೆ.

ನನ್ನ ಅನುಭವ ಹೇಳುತ್ತೇನೆ. ಬಳ್ಳಾರಿಯಲ್ಲಿ ಇಂಥದ್ದೇ ಕೆಲಸ ನನ್ನ ಕೊರಳಿಗೆ ಬಿದ್ದಾಗ ನಾನೂ ಮೊದಲು ಹಿಡಿದದ್ದು ಸಿಲೆಬಸ್ಸನ್ನೇ. ಬೇಸಿಗೆ ರಜೆ ಪೂರ್ತಿ ಕೂತು ಐದು ಯೂನಿಟ್ ಮಾಡಿದೆ. ಪತ್ರ, ಪ್ರಬಂಧ, ವರದಿ, ಸಂಕ್ಷೇಪ, ಗಾದೆ ವಿಸ್ತರಣೆ. ನೋಡೋಕೆ ಬಹಳ ಚೆಂದ ಇತ್ತು. ದಸರಾ ಹೊತ್ತಿಗೆ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಐದೂ ಯೂನಿಟ್ಟಿನ ‘ಮಾದರಿ ಉತ್ತರಗಳು’ ಮಾರಾಟಕ್ಕೆ ಬಂದವು. ಪರೀಕ್ಷೆಯ ಪತ್ರಿಕೆಗಳ ಬಂಡಲ್ ಬಿಚ್ಚಿದರೆ ‘ಪರಿಸರ ಸಂರಕ್ಷಣೆ’ ಪ್ರಬಂಧ ಎಲ್ಲರದೂ ಒಂದೇ ಸಾಲಿನಿಂದ ಶುರು. ಬರವಣಿಗೆ ಕೋರ್ಸಿನಲ್ಲಿ ಒಬ್ಬರೂ ಬರೆದಿರಲಿಲ್ಲ, ಎಲ್ಲರೂ ಬಾಯಿಪಾಠ ಒಪ್ಪಿಸಿದ್ದರು. ತಪ್ಪು ನನ್ನದೇ ಆಗಿತ್ತು.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಎರಡೂ ಸಲ ಸಿಲೆಬಸ್ ಬರೆದು ಬರೆದು ಕೈ ನೋವಾದದ್ದು ನಮಗೇ ಅಲ್ವಾ? ನಾಳೆ ಇನ್ನೊಂದು ಬರುತ್ತದೆ. ಅದಕ್ಕೇ ನೀವು ಕಟ್ಟುವುದನ್ನು ಸಿಲೆಬಸ್ಸಿನ ಮೇಲೆ ಕಟ್ಟಬೇಡಿ, ಪಾಠ ಮಾಡುವ ಆ ಎಂಟು ಜನರ ಮೇಲೆ ಕಟ್ಟಿ.

ಮೊದಲ ವರ್ಷದವರಿಗೆ ಕಡ್ಡಾಯ ಬರವಣಿಗೆ ಅನ್ನುವುದು ಅಮೆರಿಕದಿಂದ ಬಂದದ್ದು. ಹಾರ್ವರ್ಡಿನಲ್ಲಿ 1885ರಲ್ಲೇ ಇದನ್ನು ಮೊದಲ ವರ್ಷದ ಹುಡುಗರಿಗೆ ಇಟ್ಟಿದ್ದರು. ಇವರಿಗೆ ಬರೆಯೋಕೆ ಬರಲ್ಲ ಅನ್ನುವ ದೂರು ಅಲ್ಲೂ ಇತ್ತು, ಆಗಲೇ ಇತ್ತು. ಸುಮ್ನೆ ಸಮಾಧಾನಕ್ಕೆ ಹೇಳಿದೆ. ಅಲ್ಲಿ ಕಾಲೇಜು ಬರವಣಿಗೆ ಕಲಿಸುವವರದೇ ಒಂದು ಸಂಘ ಇದೆ, 1949ರಲ್ಲಿ ಹುಟ್ಟಿದ್ದು. ಅವರು ಹೇಳುವ ಲೆಕ್ಕ ಕೇಳಿ: ಒಂದು ಬರವಣಿಗೆ ಕ್ಲಾಸಿಗೆ 20 ಜನಕ್ಕಿಂತ ಜಾಸ್ತಿ ಬೇಡ, 15 ಇದ್ದರೆ ಒಳ್ಳೆಯದು, ಒಬ್ಬ ಅಧ್ಯಾಪಕರಿಗೆ ಒಂದು ಟರ್ಮಿಗೆ ಎಲ್ಲ ಕ್ಲಾಸು ಸೇರಿ 60ಕ್ಕಿಂತ ಜಾಸ್ತಿ ಬೇಡ. ಅಂದರೆ ಅವರು ಮೂರು ನಾಲ್ಕು ಕ್ಲಾಸು ಮಾಡಿ ಓದುವಷ್ಟನ್ನು ನಾವು ಒಂದೇ ಸೆಕ್ಷನ್ನಿನಲ್ಲಿ ತುಂಬಿ ಕೂರಿಸಿದ್ದೇವೆ. ಅಲ್ಲೂ ಎಲ್ಲ ಕಡೆ ಇದು ನಡೆಯುವುದಿಲ್ಲ, ಆ ಮಾತು ಬೇರೆ.

ನಮಗೆ 20ರ ಕ್ಲಾಸು ಯಾರೂ ಕೊಡಲ್ಲ. ಹಾಗಂತ ಕೈಚೆಲ್ಲಬೇಕಾಗಿಲ್ಲ. ನಾನು ಮಾಡಿದ್ದು ಇಷ್ಟು. ಒಂದು ಸೆಕ್ಷನ್ನಿನ 60 ಜನರನ್ನು 15ರಂತೆ ನಾಲ್ಕು ಗುಂಪು ಮಾಡಿದೆವು. ವಾರಕ್ಕೊಮ್ಮೆ ಎಲ್ಲರೂ ಬರೆಯುತ್ತಾರೆ, ಆದರೆ ಮೇಷ್ಟ್ರು ಓದುವುದು ಒಂದು ಗುಂಪಿನದು ಮಾತ್ರ. ಉಳಿದವರು ಪಕ್ಕದವರ ಜೊತೆ ಹಾಳೆ ಬದಲಿಸಿಕೊಂಡು ಓದುತ್ತಾರೆ. 15 ಹಾಳೆಗೆ ಎರಡೂವರೆ ತಾಸು ಸಾಕು. ಸೆಮಿಸ್ಟರಿನ 16 ವಾರದಲ್ಲಿ ಪ್ರತಿಯೊಬ್ಬರ ಬರಹವನ್ನೂ ಮೇಷ್ಟ್ರು ನಾಲ್ಕು ಸಲ ಪೂರ್ತಿ ಓದಿದಂತಾಗುತ್ತದೆ. ನಾಲ್ಕೇನಾ ಅನ್ನಬೇಡಿ. ಈ ಹುಡುಗರಲ್ಲಿ ಬಹಳ ಜನರಿಗೆ ತಾವು ಬರೆದದ್ದನ್ನು ಯಾರೋ ಒಬ್ಬರು ಮಾರ್ಕ್ಸಿಗಲ್ಲದೆ, ಏನು ಹೇಳಿದ್ದಾನೆ ಅಂತ ತಿಳಿಯೋಕೆ ಓದಿದ್ದು ಅದೇ ಮೊದಲು.

ಈಗ ಆ ಎರಡೂವರೆ ತಾಸನ್ನು ವರ್ಕ್‌ಲೋಡಿನಲ್ಲಿ ಸೇರಿಸುವುದು ನಿಮ್ಮ ಕೆಲಸ. ನನ್ನ ಪ್ರಕಾರ ಮುಖ್ಯಸ್ಥೆಯಾಗಿ ನಿಮ್ಮ ಕೆಲಸದಲ್ಲಿ ಅರ್ಧ ಇದೇ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು ಪಾಠ. ಬರವಣಿಗೆ ಸೆಕ್ಷನ್ ತೆಗೆದುಕೊಂಡವರಿಗೆ ಹಾಳೆ ಓದುವ ಹೊತ್ತನ್ನು ಪ್ರಾಕ್ಟಿಕಲ್ ಅಂತ ಎಣಿಸಿ ಅಂತ ಕೇಳಿ. ಸೈನ್ಸಿನವರಿಗೆ ಲ್ಯಾಬ್ ಇದೆ, ನಮ್ಮ ಲ್ಯಾಬ್ ಇದು. ಬಾಯಲ್ಲಿ ಕೇಳಬೇಡಿ, ಒಂದೇ ಪುಟದ ಪತ್ರ ಬರೆಯಿರಿ. ಮೇಲೆ ಹೇಳಿದ ಗುಣಾಕಾರ ಹಾಗೇ ಬರೆದು, ಕೊನೆಯಲ್ಲಿ ಏನು ಬೇಕು ಅಂತ ಎರಡು ಸಾಲು. ಬರವಣಿಗೆ ಕೋರ್ಸಿನ ಮುಖ್ಯಸ್ಥೆ ಮೂರು ಪುಟದ ಮನವಿ ಬರೆದರೆ ನಗುತ್ತಾರೆ. ಮೊದಲ ವರ್ಷ ನನ್ನ ಪತ್ರ ಕಡತದಲ್ಲೇ ಮಲಗಿತ್ತು. ಎರಡನೇ ವರ್ಷ ಅರ್ಧ ಕೊಟ್ಟರು. ಅತಿಥಿ ಉಪನ್ಯಾಸಕರ ವಿಷಯದಲ್ಲಂತೂ ಇದನ್ನು ಬಿಡಲೇಬೇಡಿ. ಅವರು ಎರಡು ಮೂರು ಕಡೆ ಓಡಾಡಿ ಪಾಠ ಮಾಡುವವರು, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಅಂಥವರಿಗೆ ‘ಸೇವಾ ಮನೋಭಾವ’ದ ಭಾಷಣ ಮಾಡಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಮೊದಲ ಮೀಟಿಂಗು. ಪಾಠ ಶುರುವಾಗುವ ಮುಂಚೆ ಎಂಟೂ ಜನರನ್ನು ಒಂದು ಕಡೆ ಕೂರಿಸಿ. ಅಜೆಂಡಾ ಬೇಡ. ಯಾವುದಾದರೂ ಹಳೆಯ ವಿದ್ಯಾರ್ಥಿಯ ಒಂದು ಪುಟ, ಹೆಸರು ತೆಗೆದು, ಎಂಟು ಜೆರಾಕ್ಸ್. ಎಲ್ಲರೂ ಮಾತಾಡದೆ ಓದಿ ಹತ್ತಕ್ಕೆ ಮಾರ್ಕ್ಸ್ ಹಾಕಿ ಚೀಟಿ ಮಡಚಿ ಕೊಡಲಿ. ನಮ್ಮಲ್ಲಿ ಹೀಗೆ ಮಾಡಿದ ದಿನ ಒಬ್ಬರು 3 ಕೊಟ್ಟಿದ್ದರು, ಒಬ್ಬರು 8. ಅದೇ ಪುಟ! ಮೂರು ಕೊಟ್ಟವರು ಒತ್ತಕ್ಷರ, ಮಹಾಪ್ರಾಣ ಎಣಿಸಿದ್ದರು. ಎಂಟು ಕೊಟ್ಟವರು ‘ಹುಡುಗ ತನ್ನ ಮನೆಯ ಕಥೆ ಹೇಳಿದ್ದಾನೆ, ಯಾವ ಗೈಡಿನಲ್ಲೂ ಇದು ಸಿಗಲ್ಲ’ ಅಂದರು. ಅವತ್ತು ಎರಡು ತಾಸು ಜಗಳ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದ್ದೆ, ಅದು ತಣ್ಣಗಾದರೂ ಯಾರಿಗೂ ಗಮನವಿಲ್ಲ. ಅಷ್ಟು ವರ್ಷದಲ್ಲಿ ನಮ್ಮ ವಿಭಾಗದಲ್ಲಿ ನಡೆದ ಒಳ್ಳೆಯ ಮಾತುಕತೆ ಅದೇ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೊದಲ ಸಲ ಓದುವಾಗ ಕಾಗುಣಿತ ಮುಟ್ಟುವ ಹಾಗಿಲ್ಲ, ಏನು ಹೇಳುತ್ತಿದ್ದಾನೆ, ಎಲ್ಲಿ ಅರ್ಥ ಆಗಲಿಲ್ಲ ಅಷ್ಟೇ ಬರೆಯಬೇಕು. ತಪ್ಪುಗಳ ವಿಚಾರ ಎರಡನೇ ಸಲಕ್ಕೆ. ತಿಂಗಳಿಗೊಮ್ಮೆ ಈ ಚೀಟಿ ಆಟ ಆಡುತ್ತಾ ಹೋದೆವು, ಸೆಮಿಸ್ಟರಿನ ಕೊನೆಗೆ ಅಂತರ ಎರಡು ಮಾರ್ಕ್ಸಿಗೆ ಇಳಿದಿತ್ತು.

ತಪ್ಪಿನ ವಿಷಯ ಬಂತಲ್ಲ, ‘ಮಕ್ಕಳ ಕನ್ನಡವೇ ಸರಿ ಇಲ್ಲ’ ಅಂತ ನೀವು ಬರೆದದ್ದರ ಬಗ್ಗೆ ಹೇಳಿಬಿಡುತ್ತೇನೆ. 1970ರಲ್ಲಿ ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯ ಶಾಲೆ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದವರ ಮಕ್ಕಳು ಸಾವಿರಾರು ಜನ ಬಂದರು. ಅವರ ಬರಹ ನೋಡಿ ಬಹಳ ಮೇಷ್ಟ್ರುಗಳು ಇದು ತಿದ್ದುವ ಕೇಸಲ್ಲ ಅಂದರು. ಅಲ್ಲಿನ ಸಿಟಿ ಕಾಲೇಜಿನಲ್ಲಿ ಬರವಣಿಗೆ ವಿಭಾಗ ನಡೆಸುತ್ತಿದ್ದ ಮೀನಾ ಶಾನೆಸಿ ಅನ್ನುವವರು ಸುಮಾರು 4,000 ಪ್ರಬಂಧ ಓದಿದರು. 1977ರಲ್ಲಿ ಪುಸ್ತಕ ಬರೆದು ತೋರಿಸಿದ್ದು ಏನಂದರೆ, ಈ ತಪ್ಪುಗಳು ಸುಮ್ನೆ ಆದವಲ್ಲ, ಪ್ರತಿ ತಪ್ಪಿನ ಹಿಂದೆ ಒಂದು ಲೆಕ್ಕ ಇದೆ, ಬರೆಯುವವರು ದಡ್ಡರಲ್ಲ, ಹೊಸಬರು. ಅದನ್ನು ಓದಿದಾಗ ನನಗೆ ಅನಿಸಿದ್ದು, ಇದು ನಮ್ಮ ಸಿಂಧನೂರು, ಕುಷ್ಟಗಿ, ಸಿರುಗುಪ್ಪದ ಮಕ್ಕಳ ಮಾತೇ ಅಲ್ವಾ ಅಂತ.

ನಮ್ಮ ಕಡೆ ಆ ಲೆಕ್ಕ ಹೇಗಿರುತ್ತದೆ ನೋಡಿ. ಬಳ್ಳಾರಿ, ರಾಯಚೂರಲ್ಲಿ ತೆಲುಗು ಮನೆಮಾತಿನ ಮಕ್ಕಳು ಬಹಳ. ಒಬ್ಬ ಹುಡುಗ ಪ್ರತಿ ಸಲ ‘ಅಕ್ಕ ಊರಿಗೆ ಹೋಯಿತು’ ಅಂತ ಬರೆಯುತ್ತಿದ್ದ. ಕ್ಲಾಸೆಲ್ಲ ನಕ್ಕಿತು. ಆದರೆ ತೆಲುಗಿನಲ್ಲಿ ಅಕ್ಕ ಹೋದರೂ ‘ವೆಳ್ಳಿಂದಿ’, ಬಸ್ಸು ಹೋದರೂ ‘ವೆಳ್ಳಿಂದಿ’. ಅವನು ತನ್ನ ಭಾಷೆಯ ನಿಯಮ ಸರಿಯಾಗಿಯೇ ಪಾಲಿಸುತ್ತಿದ್ದ. ಅದನ್ನು ಬೋರ್ಡಿನ ಮೇಲೆ ಎರಡು ಸಾಲಲ್ಲಿ ತೋರಿಸಿದ ಮೇಲೆ ಆ ತಪ್ಪು ಕಡಿಮೆಯಾಗುತ್ತಾ ಬಂತು, ನಕ್ಕವರಿಗೂ ಒಂದು ಪಾಠ ಆಯಿತು. ‘ವಿಧ್ಯಾರ್ಥಿ’ ಅಂತ ಬರೆಯುವವನೂ ಹಾಗೇ. ಮಹಾಪ್ರಾಣ ಬಿಟ್ಟೆ ಅಂತ ಹತ್ತು ವರ್ಷ ಬೈಸಿಕೊಂಡಿದ್ದಾನೆ, ಈಗ ಹೆದರಿ ಎಲ್ಲ ಕಡೆ ಹಾಕುತ್ತಿದ್ದಾನೆ. ಇನ್ನು ‘ಮಾಡಾಕತ್ತೀನಿ’, ‘ಹೋಗ್ಯಾರ’ ಅಂತ ಬರೆದರೆ ಅದು ತಪ್ಪೇ ಅಲ್ಲ, ಮನೆಯ ಕನ್ನಡ. ಅರ್ಜಿಯಲ್ಲಿ ಬೇರೆ ಕನ್ನಡ ಬೇಕು, ಅದನ್ನೂ ಕಲಿ ಅಂತ ಹೇಳಿದರೆ ಸಾಕು. ಕೊಪ್ಪಳದ ಒಬ್ಬ ಹುಡುಗಿ ‘ನಮ್ಮದು ಒರಟು ಕನ್ನಡ ಸರ್’ ಅಂತ ತಲೆ ತಗ್ಗಿಸಿದ್ದಳು. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಇರುವ ಊರುಗಳನ್ನು ಎಣಿಸುವಾಗ ಕೊಪಣ ಅಂತ ನಿಮ್ಮ ಊರ ಹೆಸರೇ ಇದೆ ಕಣಮ್ಮಾ ಅಂದೆ. ಅವಳು ನಂಬಲಿಲ್ಲ, ಪುಸ್ತಕ ತೆಗೆದು ತೋರಿಸಬೇಕಾಯಿತು.

ವಿಷಯ ಕೊಡುವುದರಲ್ಲಿ ಬಹಳ ಜನ ಎಡವುತ್ತಾರೆ. ‘ನಮ್ಮ ಜಿಲ್ಲೆಯ ಐತಿಹಾಸಿಕ ಸ್ಥಳ’ ಅಂತ ಕೊಟ್ಟರೆ ರಾಯಚೂರಿನಲ್ಲಿ ಅರ್ಧ ಕ್ಲಾಸು ಮಸ್ಕಿ ಬರೆಯುತ್ತದೆ. ಅಲ್ಲಿನ ಶಾಸನ 1915ರಲ್ಲಿ ಸಿಕ್ಕಿತು, ಅಶೋಕನ ಹೆಸರು ಅದರಲ್ಲಿದೆ, ಮುಗೀತು. ಎಲ್ಲ ಫೋನಿನಿಂದ ಇಳಿಸಿದ್ದು. ಅದರ ಬದಲು, ಮಸ್ಕಿಗೆ ಹೋಗಿ ಆ ಕಲ್ಲಿನ ಹತ್ತಿರ ಒಂದು ತಾಸು ಕೂತು ಯಾರು ಬಂದರು, ಏನು ಮಾತಾಡಿದರು ಬರೆಯಿರಿ ಅಂತ ಹೇಳಿ ನೋಡಿ. ಚಾಟ್‌ಜಿಪಿಟಿಗೆ ಅದು ಗೊತ್ತಿರಲ್ಲ. ನಕಲು ಹಿಡಿಯುವ ಸಾಫ್ಟ್‌ವೇರ್ ಬಗ್ಗೆ ಕೇಳಿ ಬಹಳ ಜನ ಪತ್ರ ಬರೆಯುತ್ತಾರೆ. ನಾನು ಅದರ ಹಿಂದೆ ಬೀಳಲಿಲ್ಲ. ಮೊದಲ ಕರಡು ಕ್ಲಾಸಿನಲ್ಲೇ, ಕೈಯಲ್ಲೇ, ಫೋನು ಬ್ಯಾಗಿನೊಳಗೆ. ಆಮೇಲೆ ತಿದ್ದುವಾಗ ಏನು ಬೇಕಾದರೂ ನೋಡಿಕೊಳ್ಳಲಿ, ಮೊದಲ ಕರಡು ನಮ್ಮ ಹತ್ತಿರ ಇರುತ್ತದೆ.

ಒಂದು ಬರಹ ಹೇಗೆ ಬದಲಾಯಿತು ಅಂತ ಹೇಳಿದರೆ ನಿಮಗೆ ಪೂರ್ತಿ ಅಂದಾಜು ಸಿಗುತ್ತದೆ. ತುಂಗಭದ್ರೆಯ ಬಗ್ಗೆ ಬರೆಯಲು ಹೇಳಿದ್ದೆವು. ಸಿರುಗುಪ್ಪ ತಾಲ್ಲೂಕಿನ ಹುಡುಗಿ ಬರೆದದ್ದು ಹೀಗಿತ್ತು: ‘ತುಂಗಭದ್ರಾ ನದಿಯು ನಮ್ಮ ಭಾಗದ ಜೀವನಾಡಿಯಾಗಿದೆ. ನೀರು ಅಮೂಲ್ಯವಾದುದು. ಆದ್ದರಿಂದ ನಾವೆಲ್ಲರೂ ನೀರನ್ನು ಮಿತವಾಗಿ ಬಳಸಬೇಕು.’ ಒಂದೂ ತಪ್ಪಿಲ್ಲ. ಆದರೆ ಇದನ್ನು ಅವಳೇ ಬರೆಯಬೇಕಾಗಿರಲಿಲ್ಲ. ನಮ್ಮ ಅತಿಥಿ ಉಪನ್ಯಾಸಕಿಯೊಬ್ಬರು ಅಂಚಿನಲ್ಲಿ ಬರೆದದ್ದು ಒಂದೇ ಪ್ರಶ್ನೆ: ‘ನಿಮ್ಮ ಹೊಲಕ್ಕೆ ನೀರು ಯಾವಾಗ ಬರುತ್ತೆ?’ ಹುಡುಗಿ ಟೇಬಲ್ ಹತ್ತಿರ ಬಂದು ‘ನಮ್ದು ಕಾಲುವೆ ಕೊನೆಭಾಗದಾಗ ಐತ್ರಿ ಮೇಡಂ, ಬಂದ್ರ ಬಂತು’ ಅಂದಳು. ‘ಅದನ್ನೇ ಬರಿ’ ಅಂದರು ಅವರು. ಮುಂದಿನ ವಾರ ಬಂದ ಹಾಳೆಯ ಮೊದಲ ಸಾಲುಗಳು ನನಗೆ ಈಗಲೂ ನೆನಪಿವೆ:

‘2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ನಮ್ಮಪ್ಪ ಬೆಳಿಗ್ಗೆ ಫೋನಿನಲ್ಲಿ ಅದರ ವಿಡಿಯೋ ಮತ್ತೆ ಮತ್ತೆ ನೋಡಿದ. ಆಮೇಲೆ ನಾಟಿ ಮಾಡಿದ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತ. ಅವ್ವ ರೊಟ್ಟಿ ಕಟ್ಟಿಕೊಟ್ಟು ನನ್ನನ್ನು ಕಳಿಸಿದಳು. ಅಪ್ಪ ಕೇಳಿದ ಮಾತು ಒಂದೇ, ಇಷ್ಟು ನೀರು ಎಲ್ಲಿಗೆ ಹೊಂಟೈತಿ?’

ಇದರಲ್ಲಿ ‘ನಾಟಿ’ಗೆ ಅವಳು ‘ನಾಠಿ’ ಅಂತ ಬರೆದಿದ್ದಳು, ‘ವಿಡಿಯೋ’ ಎರಡು ತರಹ ಇತ್ತು. ಎರಡನೇ ಸುತ್ತಿನಲ್ಲಿ ತಾನೇ ತಿದ್ದಿಕೊಂಡಳು, ಯಾಕಂದರೆ ಈ ಸಲ ಅದು ಅವಳ ಬರಹ, ಚೆನ್ನಾಗಿ ಕಾಣಬೇಕಿತ್ತು. ಮುಂದೆ ಅದಕ್ಕೆ 33 ಗೇಟುಗಳ ಲೆಕ್ಕ, ಕಾಲುವೆಯ ಮೇಲ್ಭಾಗದವರಿಗೂ ಕೊನೆಭಾಗದವರಿಗೂ ನಡೆಯುವ ಜಗಳ ಎಲ್ಲ ಸೇರಿಸಿ ನಾಲ್ಕು ಪುಟದ ವರದಿ ಮಾಡಿದಳು. ನಿಮ್ಮ ಸಿಲೆಬಸ್ಸಿನ ‘ವರದಿ ಲೇಖನ’ ಅನ್ನುವ ಯೂನಿಟ್ಟು ತಾನಾಗಿಯೇ ಮುಗಿಯಿತು. ಮತ್ತೆ ನೋಡಿ, ಮೇಷ್ಟ್ರು ಬರೆದದ್ದು ಒಂದು ಸಾಲು. ಆದರೆ ಆ ಸಾಲು ಬರೆಯಲು ಹಾಳೆಯನ್ನು ನಿಜವಾಗಿ ಓದಿರಬೇಕು. ಅದಕ್ಕೇ ಹತ್ತು ನಿಮಿಷ ಅಂತ ನಾನು ಹಟ ಹಿಡಿದದ್ದು.

ಮಾರ್ಕ್ಸು: ಇಂಟರ್ನಲ್ ಪೂರ್ತಿ ಫೈಲಿಗೆ ಇಡಿ. ವಿದ್ಯಾರ್ಥಿ ಬರೆದದ್ದೆಲ್ಲ, ಮೊದಲ ಕರಡು, ತಿದ್ದಿದ್ದು, ಒಂದು ಫೈಲಿನಲ್ಲಿ ಇರಲಿ. ಕೊನೆಗೆ ತನಗೆ ಇಷ್ಟವಾದ ಎರಡನ್ನು ಅವನೇ ಆರಿಸಿ ಕೊಡಲಿ, ಯಾಕೆ ಆರಿಸಿದೆ ಅಂತ ಒಂದು ಪುಟ ಬರೆಯಲಿ. ಸೆಮಿಸ್ಟರ್ ಪರೀಕ್ಷೆ ತಪ್ಪಿಸೋಕೆ ಆಗಲ್ಲ, ಆದರೆ ಪ್ರಶ್ನೆಯನ್ನು ಗೈಡಿನಲ್ಲಿ ಸಿಗದಂತೆ ಕೇಳಬಹುದು. ಈ ಬಗ್ಗೆ ಬಿಒಎಸ್‌ನಲ್ಲಿ, ಅಂದರೆ ಪಠ್ಯ ತೀರ್ಮಾನಿಸುವ ಅಧ್ಯಯನ ಮಂಡಳಿಯಲ್ಲಿ ವಾದ ಆಗುತ್ತದೆ, ಆಗಲಿ.

ಸಣ್ಣ ವಿಷಯ ಅನಿಸಿದರೂ ಟೈಮ್ ಟೇಬಲ್ ನೋಡಿಕೊಳ್ಳಿ. ಬರವಣಿಗೆ ಕ್ಲಾಸನ್ನು ಎಲ್ಲರೂ ದಿನದ ಕೊನೆಗೆ ತಳ್ಳುತ್ತಾರೆ. ನಾಲ್ಕು ಗಂಟೆ ಬಸ್ಸು ತಪ್ಪಿದರೆ ಹಳ್ಳಿಯ ಹುಡುಗಿಯರು ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಈಗ ಬಸ್ ಟಿಕೆಟ್ ಫ್ರೀ ಇದೆ, ಬರುವವರು ಜಾಸ್ತಿ, ಆದರೆ ಬಸ್ಸು ಅದೇ ಟೈಮಿಗೆ ಹೊರಡುತ್ತದೆ. ಮೂರೂವರೆಗೆ ಅವರ ಕಣ್ಣು ಕಿಟಕಿಯ ಕಡೆ. ಬೆಳಗಿನ ಎರಡನೇ ಪೀರಿಯಡ್ ಜಗಳ ಮಾಡಿಯಾದರೂ ತೆಗೆದುಕೊಳ್ಳಿ. ಮತ್ತೆ ಮುಖ್ಯಸ್ಥೆ ಅಂತ ನಿಮ್ಮ ಸೆಕ್ಷನ್ ಬೇರೆಯವರಿಗೆ ಕೊಡಬೇಡಿ. ನೀವು ಹಾಳೆ ಓದುವುದು ಬಿಟ್ಟ ವರ್ಷ ಉಳಿದವರೂ ಬಿಡುತ್ತಾರೆ. ನನಗೆ ಒಂದು ವರ್ಷ ಹಾಗೇ ಆಯಿತು.

ಈಗ ಪುಸ್ತಕ. ಮೊದಲ ವರ್ಷ ಯಾವುದೂ ಇಡಬೇಡಿ. ಸೆಕ್ಷನ್ನಿಗೆ ಎರಡು ಕನ್ನಡ ನಿಘಂಟು ಲೈಬ್ರರಿಯಿಂದ ಖಾಯಂ ಕ್ಲಾಸಿಗೆ ತರಿಸಿಡಿ, ಅಷ್ಟೇ. ವರ್ಷದ ಕೊನೆಗೆ ಫೈಲುಗಳಿಂದ ಇಪ್ಪತ್ತು ಬರಹ ಆರಿಸಿ. ಬರೆದವರನ್ನು ಕೇಳಿ ಒಪ್ಪಿಗೆ ತೆಗೆದುಕೊಳ್ಳಿ, ಬೇಡ ಅಂದವರದ್ದು ಬಿಡಿ. ನಾಲ್ಕೈದು ಬರಹಕ್ಕೆ ಮೊದಲ ಕರಡನ್ನೂ ಪಕ್ಕದಲ್ಲಿ ಹಾಕಿ. ಮುಂದಿನ ವರ್ಷದವರಿಗೆ ಅದೇ ಪಠ್ಯ. ನಾವು ನಮ್ಮದನ್ನು ಗೇಟಿನ ಎದುರಿನ ಅದೇ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸುತ್ತೇವೆ. 64 ಪುಟ, ಒಂದಕ್ಕೆ 90 ರೂಪಾಯಿ ಬಿತ್ತು. ಅಂಗಡಿಯವನು ಮಾದರಿ ಉತ್ತರಗಳ ಪಕ್ಕದಲ್ಲೇ ಅದನ್ನೂ ಇಟ್ಟುಕೊಂಡಿದ್ದಾನೆ. ನಿಮ್ಮ ವಿಳಾಸ ತಿಳಿಸಿ ಮೇಡಂ, ಒಂದು ಪ್ರತಿ ಪೋಸ್ಟ್ ಮಾಡುತ್ತೇನೆ. 19ನೇ ಗೇಟಿನದು 11ನೇ ಪುಟದಲ್ಲಿದೆ.